ಬಳೆ ಅಡವಿಟ್ಟವಳ ಲೆಕ್ಕ

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರದ ಪುರವಣಿಯಲ್ಲಿ ಯುವ ನಿರ್ದೇಶಕರೊಬ್ಬರ ಸಂದರ್ಶನ ಓದಿದೆ. ಮೊದಲ ಚಿತ್ರಕ್ಕಾಗಿ ತಂದೆಯ ಮನೆ ಅಡವಿಟ್ಟದ್ದು, ಪತ್ನಿಯ ಚಿನ್ನ ಮಾರಿದ್ದು, ಗೆಳೆಯರ ಬಳಗ ಎರಡು ವರ್ಷ ಸಂಬಳವಿಲ್ಲದೆ ದುಡಿದದ್ದು ಎಲ್ಲವೂ ಅದರಲ್ಲಿ ಬಂದಿದೆ. ಪತ್ನಿಯ ವಿಷಯ ಒಂದೇ ಸಾಲಿನಲ್ಲಿ ಮುಗಿದಿದೆ: ಕೇಳಿದ ಕೂಡಲೇ ಬಳೆ ಬಿಚ್ಚಿಕೊಟ್ಟರಂತೆ. ಆ ಒಂದು ಸಾಲಿನೊಳಗೆ ನಾನು ಹಲವು ವರ್ಷ ಬದುಕಿದ್ದೇನೆ. ಅದಕ್ಕಾಗಿಯೇ ಈ ಪತ್ರ. ಉದ್ದವಾಯಿತು ಎನ್ನಿಸಿದರೆ ಬೇರೆಲ್ಲಿಯಾದರೂ ಕತ್ತರಿ ಹಾಕಿ, ಲೆಕ್ಕದ ಭಾಗವನ್ನು ಮಾತ್ರ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನಾನು ಬೆಂಗಳೂರಿನ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ತವರು ತಿಪಟೂರಿನ ಹತ್ತಿರದ ಹಳ್ಳಿ. ನಮ್ಮ ಯಜಮಾನರು 1997ರಲ್ಲಿ ಕ್ಲ್ಯಾಪ್ ಹೊಡೆಯುವ ಹುಡುಗನಾಗಿ ಚಿತ್ರರಂಗಕ್ಕೆ ಸೇರಿದವರು. ಸಹಾಯಕ ನಿರ್ದೇಶಕರಾಗಿ, ಆಮೇಲೆ ಸಹ ನಿರ್ದೇಶಕರಾಗಿ 17 ಚಿತ್ರಗಳಲ್ಲಿ ಅವರ ಹೆಸರು ತೆರೆಯ ಮೇಲೆ ಬಂದಿದೆ. ಆ 17ರಲ್ಲಿ ಮಾತಾದಷ್ಟು ಹಣ ಪೂರ್ತಿಯಾಗಿ ಕೈಸೇರಿದ್ದು ಆರರಲ್ಲಿ ಮಾತ್ರ. ಇದನ್ನು ನೆನಪಿನಿಂದ ಹೇಳುತ್ತಿಲ್ಲ. 2000ದಲ್ಲಿ ಮದುವೆಯಾಗಿ ಬಂದ ತಿಂಗಳಿನಿಂದ ಮನೆಯ ಲೆಕ್ಕವನ್ನು ನಾನೇ ಬರೆಯುತ್ತಿದ್ದೇನೆ. ಅದಕ್ಕೆ ಹಿಂದಿನ ಮೂರು ವರ್ಷಗಳದ್ದನ್ನು ಅವರನ್ನು ಕೂರಿಸಿಕೊಂಡು ಕೇಳಿ ಕೇಳಿ ಬರೆದುಕೊಂಡೆ.

ಸಿನಿಮಾದ ಸಂಬಳ ಹೇಗೆ ಕರಗುತ್ತದೆ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಸಹಾಯಕ ನಿರ್ದೇಶಕನಿಗೆ ತಿಂಗಳ ಲೆಕ್ಕವಿಲ್ಲ, ಇಡೀ ಚಿತ್ರಕ್ಕೆ ಇಷ್ಟು ಎಂದು ಬಾಯಿಮಾತಿನಲ್ಲಿ ಆಗುತ್ತದೆ. ಮುಹೂರ್ತದ ದಿನ ಒಂದಿಷ್ಟು ಅಡ್ವಾನ್ಸ್, ಚಿತ್ರೀಕರಣದ ನಡುವೆ ಒಂದಿಷ್ಟು, ಡಬ್ಬಿಂಗ್ ಮುಗಿದ ಮೇಲೆ ಮತ್ತಷ್ಟು, ಉಳಿದದ್ದು ಬಿಡುಗಡೆಗೆ ಮುಂಚೆ. ನಾಯಕನ ಕಾಲ್‌ಶೀಟ್ ಹೊಂದಲಿಲ್ಲ, ಫೈನಾನ್ಸಿಯರ್ ಕೈಬಿಟ್ಟ, ಮಳೆ ಬಂತು ಎಂದು ನಲವತ್ತು ದಿನದ ಕೆಲಸ ಒಂದೂವರೆ ವರ್ಷಕ್ಕೆ ಎಳೆದರೂ ಆ ಮೊತ್ತ ಬದಲಾಗುವುದಿಲ್ಲ. 2006ರಲ್ಲಿ ಒಂದು ಚಿತ್ರಕ್ಕೆ 60,000 ರೂಪಾಯಿ ಎಂದು ಮಾತಾಗಿತ್ತು. ಕೆಲಸ 19 ತಿಂಗಳು ನಡೆಯಿತು. ಪೂರ್ತಿ ಕೊಟ್ಟಿದ್ದರೂ ತಿಂಗಳಿಗೆ ಸುಮಾರು 3,158 ರೂಪಾಯಿ ಆಗುತ್ತಿತ್ತು. ಕೊನೆಯ ಕಂತಿನ 25,000 ಬರಲೇ ಇಲ್ಲ. ಆ ಚಿತ್ರ ನೂರು ದಿನ ಓಡಿದ ಸಂಭ್ರಮದಲ್ಲಿ ಇವರಿಗೆ ಒಂದು ನೆನಪಿನ ಕಾಣಿಕೆ ಸಿಕ್ಕಿತು. ಅದನ್ನು ಅವರು ಇಂದಿಗೂ ಪ್ರೀತಿಯಿಂದ ಒರೆಸಿ ಇಟ್ಟುಕೊಂಡಿದ್ದಾರೆ. ಆ ಪ್ರೀತಿ ನಿಜವಾದದ್ದು ಎಂದು ಬಲ್ಲೆ, ಆದ್ದರಿಂದಲೇ ನನಗೆ ಸಿಟ್ಟು.

2011ರಲ್ಲಿ ತಮ್ಮದೇ ಚಿತ್ರ ಮಾಡಲು ಹೊರಟರು. ಕಥೆ ಒಳ್ಳೆಯದಿತ್ತು. ಅಡಿಕೆ ಸುಲಿಯುವ ಹೆಂಗಸರ ಕಥೆ, ಮೊದಲು ಕೇಳಿದವಳು ನಾನು. ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ಹಣ ಹೊಂದಿಸಿದ ಬಗೆ ಹೀಗಿತ್ತು: ಪಾಲುದಾರರಾಗಿ ಬಂದ ಗೆಳೆಯರು 12 ಲಕ್ಷ ಹಾಕಿದರು. ತಿಪಟೂರಿನಲ್ಲಿ ನಮ್ಮಪ್ಪ ಕೊಡಿಸಿದ್ದ ನಿವೇಶನ ಮಾರಿದ್ದರಿಂದ ಆರೂವರೆ ಲಕ್ಷ ಬಂತು. ಫೈನಾನ್ಸ್‌ನಿಂದ 8 ಲಕ್ಷ, ಕೈಸಾಲ 2 ಲಕ್ಷ 80 ಸಾವಿರ. ನನ್ನ ನಾಲ್ಕು ಬಳೆ, ಎರಡೆಳೆ ಸರ, ಮಗಳ ನಾಮಕರಣದ ಸರ ಸೇರಿ 92 ಗ್ರಾಂ ಚಿನ್ನಕ್ಕೆ ಬ್ಯಾಂಕಿನಲ್ಲಿ 1 ಲಕ್ಷ 70 ಸಾವಿರ. ಒಟ್ಟು 31 ಲಕ್ಷ.

ಬಳೆಯನ್ನು ಕೇಳಿದ ಕೂಡಲೇ ನಾನು ಬಿಚ್ಚಿಕೊಡಲಿಲ್ಲ. ಮೂರು ದಿನ ಯೋಚಿಸಿದೆ. ಅವರು ಬಲವಂತ ಮಾಡಲಿಲ್ಲ, ಕಣ್ಣು ತಗ್ಗಿಸಿಕೊಂಡು ಓಡಾಡುತ್ತಿದ್ದರು, ಅದು ಬಲವಂತಕ್ಕಿಂತ ಭಾರವಾಗಿತ್ತು. ಕೊಟ್ಟದ್ದು ಪ್ರೀತಿಯಿಂದ, ಕಥೆಯ ಮೇಲಿನ ನಂಬಿಕೆಯಿಂದ, ಜೊತೆಗೆ ನಾಳೆ ನನ್ನಿಂದಾಗಿ ಚಿತ್ರ ನಿಂತಿತು ಎಂಬ ಮಾತು ಬಂದೀತೆಂಬ ಭಯದಿಂದಲೂ. ನಿಮ್ಮ ವರದಿಗಾರರು ಆ ನಿರ್ದೇಶಕರ ಪತ್ನಿಯನ್ನು ಕೇಳಿದ್ದರೆ ಅವರೂ ಇಂಥದ್ದೇನಾದರೂ ಹೇಳುತ್ತಿದ್ದರೋ ಏನೋ. ಕೇಳಿದಂತೆ ಕಾಣಲಿಲ್ಲ.

ಫೈನಾನ್ಸ್‌ನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಎಂಟು ಲಕ್ಷಕ್ಕೆ 24,000. ಆಗ ನನ್ನ ಕೈಗೆ ಬರುತ್ತಿದ್ದ ಸಂಬಳ 19,400. ಇವೆರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಅವರಿಗೆ ತೋರಿಸಿದೆ. ಚಿತ್ರ ಆರು ತಿಂಗಳಲ್ಲಿ ತೆರೆಗೆ ಬರುತ್ತದೆ, ಟಿವಿ ಹಕ್ಕಿನಿಂದಲೇ ಅಸಲು ತೀರುತ್ತದೆ ಎಂದರು. ಚಿತ್ರ ತೆರೆಗೆ ಬಂದದ್ದು 2013ರ ಫೆಬ್ರುವರಿಯಲ್ಲಿ. ನಾಲ್ಕು ಚಿತ್ರಮಂದಿರ, ಒಂದು ವಾರ. ವಾರದ ಬಾಡಿಗೆಯನ್ನು ಮುಂಗಡವಾಗಿಯೇ ಕಟ್ಟಿದ್ದೆವು. ಶುಕ್ರವಾರ ಬೆಳಗಿನ ಆಟಕ್ಕೆ ನಮ್ಮ ಮನೆಯವರನ್ನು ಬಿಟ್ಟು ಹನ್ನೊಂದು ಜನರಿದ್ದರು. ಅವರಲ್ಲಿ ವಯಸ್ಸಾದ ಒಬ್ಬರು ಚಿತ್ರ ಮುಗಿದ ಮೇಲೆ ಎದ್ದು ಬಂದು ಇವರ ಎರಡೂ ಕೈ ಹಿಡಿದುಕೊಂಡು ಸುಮ್ಮನೆ ನಿಂತರು. ಬಾಡಿಗೆ ಕಳೆದು ಚಿತ್ರಮಂದಿರಗಳಿಂದ ಉಳಿದದ್ದು 61,000 ರೂಪಾಯಿ, ಟಿವಿ ಹಕ್ಕು ನಾಲ್ಕೂವರೆ ಲಕ್ಷಕ್ಕೆ ಹೋಯಿತು. ಸಾಲ ಪೂರ್ತಿ ತೀರಿದ್ದು 2017ರಲ್ಲಿ.

ಹಣ ಹೋದ ಕಥೆ ನೂರಾರು ಮನೆಗಳದ್ದು. ನಾನು ಹೇಳಬೇಕೆಂದಿರುವುದು ಬೇರೆ.

ಕೊನೆಯ ದಿನದ ಚಿತ್ರೀಕರಣ ತೀರ್ಥಹಳ್ಳಿಯ ಹತ್ತಿರ ನಡೆದಿತ್ತು. ಶಾಲೆಗೆ ಎರಡು ದಿನ ರಜೆ ಹಾಕಿ, ಚಿನ್ನ ಅಡವಿಟ್ಟ ಹಣವನ್ನು ಬ್ಯಾಗಿನ ತಳದಲ್ಲಿ ಸೀರೆಯೊಳಗೆ ಸುತ್ತಿಕೊಂಡು ಹೋಗಿದ್ದೆ. ಸಂಜೆ ಕುಂಬಳಕಾಯಿ ಒಡೆದರು. ಎಲ್ಲರೂ ಫೋಟೊ ತೆಗೆಸಿಕೊಂಡರು. ದೀಪದ ಸ್ಟ್ಯಾಂಡುಗಳನ್ನು ಲಾರಿಗೆ ತುಂಬಿ ಮುಗಿಸಿದ ಯೂನಿಟ್ ಹುಡುಗರು ಮಾತ್ರ ಜಗಲಿಯ ಕೆಳಗೆ ನಿಂತೇ ಇದ್ದರು. ರಾತ್ರಿ ಹತ್ತಕ್ಕೆ ಅವರ ಗಾಡಿ ಹೊರಡಬೇಕು, ಎಂಟು ದಿನದ ಕೂಲಿ ಬಾಕಿ. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, ಮೊದಲು ಕ್ಯಾಮೆರಾ ಬಾಡಿಗೆ ಕಟ್ಟೋಣ, ಹುಡುಗರನ್ನು ಬೆಂಗಳೂರಿಗೆ ಹೋದ ಮೇಲೆ ನೋಡಿಕೊಳ್ಳೋಣ ಎಂದರು. ಜಗಲಿಯ ಕೆಳಗೆ ನಿಂತಿದ್ದವರಲ್ಲಿ ಒಬ್ಬನ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಕೇಬಲ್ ಎಳೆಯುವಾಗ ಹಳ್ಳದಲ್ಲಿ ಕಳೆದುಹೋಯಿತಂತೆ. ನಾನು ಅಲ್ಲೇ ಕೂತು, ಹೆಸರು ಕರೆದು, ಎಣಿಸಿ, ಅಷ್ಟೂ ಜನರಿಗೆ ಕೊಟ್ಟೆ. 48,000 ಆಯಿತು. ಯಜಮಾನರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಆ ರಾತ್ರಿ ನಾನು ದೊಡ್ಡ ನ್ಯಾಯ ಮಾಡಿದೆ ಎಂದುಕೊಂಡಿದ್ದೆ. ಅದು ಅರ್ಧ ನ್ಯಾಯವೆಂದು ತಿಳಿದದ್ದು 2014ರಲ್ಲಿ, ಹಳೆಯ ಫೈಲು ತೆಗೆದು ಯಾರಿಗೆ ಎಷ್ಟು ಬಾಕಿ ಎಂದು ಬರೆಯುತ್ತಾ ಹೋದಾಗ. ಒಂಬತ್ತು ಜನ, ಒಟ್ಟು 2,14,000 ರೂಪಾಯಿ. ಅವರಲ್ಲಿ ಒಬ್ಬರೂ ಹೊರಗಿನವರಲ್ಲ. ಸಹಾಯಕ ನಿರ್ದೇಶಕರು, ಮೇಕಪ್ ಸಹಾಯಕ, ವಸ್ತ್ರಾಲಂಕಾರ ನೋಡಿಕೊಂಡ ಹುಡುಗಿ, ಹಿನ್ನೆಲೆಗೆ ಕೊಳಲು ನುಡಿಸಿದವರು. ನಮ್ಮ ಮನೆಯಲ್ಲಿ ಊಟ ಮಾಡಿದವರು, ನನ್ನನ್ನು ಅಕ್ಕಾ ಎಂದು ಕರೆದವರು. ಗಟ್ಟಿಯಾಗಿ ಕೇಳಿದವರಿಗೆಲ್ಲ ಕೊಟ್ಟಿದ್ದೆವು, ಕೇಳಲು ಸಂಕೋಚಪಟ್ಟವರಿಗೆ ಬಾಕಿ ಇಟ್ಟಿದ್ದೆವು. ಸಿನಿಮಾವನ್ನು ನಮ್ಮಷ್ಟೇ ಪ್ರೀತಿಸಿದ ತಪ್ಪಿಗೆ ಅವರ ಕೂಲಿ ಹೋಗಿತ್ತು. ತಮ್ಮ ಹಣ ನುಂಗಿದವರ ಬಗ್ಗೆ ವರ್ಷಗಟ್ಟಲೆ ನೊಂದುಕೊಂಡಿದ್ದ ನಮ್ಮ ಯಜಮಾನರು, ತಮಗೇ ತಿಳಿಯದಂತೆ ಅದೇ ಕೆಲಸವನ್ನು ಮಾಡಿದ್ದರು. ನಾನೂ ಅದಕ್ಕೆ ಅಡುಗೆ ಮಾಡಿ ಬಡಿಸಿದ್ದೆ.

ಎಲ್ಲರದ್ದನ್ನೂ ತೀರಿಸಲು ಐದು ವರ್ಷ ಹಿಡಿಯಿತು. ಕೊನೆಯವನು ಯಾದಗಿರಿ ಜಿಲ್ಲೆಯ ಶಹಾಪುರದ ಹುಡುಗ. ಕಥೆ ಬರೆಯುವ ಹಂತದಿಂದ ಡಬ್ಬಿಂಗ್‌ವರೆಗೆ ಹದಿನಾಲ್ಕು ತಿಂಗಳು ಕೆಲಸ ಮಾಡಿದ್ದ. ಅವನ ಕೈಗೆ ಬಿದ್ದದ್ದು ಆರು ಸಾವಿರ, ಬರಬೇಕಿದ್ದದ್ದು 45,000. ದೂರವಾಣಿ ಸಂಖ್ಯೆ ಬದಲಾಗಿತ್ತು. 2019ರ ಬೇಸಿಗೆ ರಜೆಯಲ್ಲಿ ಇಬ್ಬರೂ ಬಸ್ಸು ಹತ್ತಿ ಹೋದೆವು. ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ನಮ್ಮನ್ನು ಕಂಡು ಎದ್ದು ನಿಂತ, ಕಾಲಿಗೆ ಬೀಳಲು ಬಂದ. ಹಣ ಬೇಡವೆಂದು ಬಹಳ ಹೊತ್ತು ಹೇಳಿದ. ಅವನ ತಾಯಿ ಒಳಗಿನಿಂದ ಬಂದು, ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ತಗೋ ಎಂದು ಒಂದೇ ಮಾತು ಹೇಳಿದರು. ಊಟಕ್ಕೆ ಎಬ್ಬಿಸುವಾಗ ನನಗೆ ಮಾತ್ರ ಕೇಳುವಂತೆ, ಆಗಲೇ ಕೊಟ್ಟಿದ್ದರೆ ಇವನು ಅಲ್ಲೇ ಇನ್ನೊಂದು ವರ್ಷ ಇರುತ್ತಿದ್ದ ಎಂದರು. ಅಂಗಡಿಯ ಗೋಡೆಯ ಮೇಲೆ ನಮ್ಮ ಚಿತ್ರದ ಪೋಸ್ಟರ್ ಇತ್ತು. ಅವನ ಕಣ್ಣು ಎಷ್ಟು ಚುರುಕೆಂದರೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಸೆರಗು ಯಾವ ಹೆಗಲ ಮೇಲಿತ್ತೆಂದು, ದೃಶ್ಯದ ವಿವರ ಬರೆದಿಡುವ ಪುಸ್ತಕ ನೋಡದೆ ಹೇಳುತ್ತಿದ್ದ. ಅಂಥವನನ್ನು ಕನ್ನಡ ಚಿತ್ರರಂಗ 39,000 ರೂಪಾಯಿಗೆ ಕಳೆದುಕೊಂಡಿತು.

ಇದೆಲ್ಲ ಹೇಳಿದರೆ ಸಿನಿಮಾದ ದೊಡ್ಡವರ ಉದಾಹರಣೆ ಕೊಡುತ್ತಾರೆ. ಫಾಲ್ಕೆಯವರು ವಿಮಾ ಪಾಲಿಸಿಯ ಮೇಲೆ ಸಾಲ ತೆಗೆದು 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದರು, 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಮಾಡಿದರು ಎನ್ನುತ್ತಾರೆ. ನಿಜ. ಅವರ ಪತ್ನಿ ಸರಸ್ವತಿಬಾಯಿ ಒಡವೆ ಕೊಟ್ಟದ್ದಷ್ಟೇ ಅಲ್ಲ, ಫಿಲಂಗೆ ರಂಧ್ರ ಹಾಕುವುದನ್ನು, ಸಂಸ್ಕರಿಸುವುದನ್ನು ಕಲಿತು ಮಾಡಿದರು, ಅಷ್ಟು ದೊಡ್ಡ ತಂಡಕ್ಕೆ ಅಡುಗೆಯನ್ನೂ ಮಾಡಿದರು. ಭಾರತೀಯ ಚಿತ್ರರಂಗದ ಮೊದಲ ತಂತ್ರಜ್ಞೆ ಎಂದೇ ಅವರನ್ನು ಕರೆಯಬಹುದಿತ್ತು. ನಾವು ಒಡವೆಯನ್ನಷ್ಟೇ ನೆನಪಿಟ್ಟುಕೊಂಡೆವು.

ಸತ್ಯಜಿತ್ ರಾಯ್ ಅವರದೂ ಅಷ್ಟೇ. ‘ಪಥೇರ್ ಪಾಂಚಾಲಿ’ಗಾಗಿ ವಿಮೆ, ಗ್ರಾಮಫೋನ್ ತಟ್ಟೆಗಳು, ಪತ್ನಿ ಬಿಜೋಯಾ ಅವರ ಒಡವೆ ಎಲ್ಲ ಹೋದವು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದೇ ರಾಯ್ ಜಾಹೀರಾತು ಸಂಸ್ಥೆಯ ನೌಕರಿಯನ್ನು ಬಿಡದೆ ರಜೆಯ ದಿನಗಳಲ್ಲಿ ಚಿತ್ರೀಕರಣ ಶುರುಮಾಡಿದರು ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ಹುಲ್ಲುಗಾವಲಿನಲ್ಲಿ ಮೊದಲ ಚಿತ್ರಿಕೆ ತೆಗೆದದ್ದು 1952ರ ಅಕ್ಟೋಬರ್ 27ರಂದು. ಹಣ ಮುಗಿದು ತಿಂಗಳುಗಟ್ಟಲೆ ನಿಂತ ಚಿತ್ರವನ್ನು ಕೊನೆಗೆ ದಡ ಸೇರಿಸಿದ್ದು ಪಶ್ಚಿಮ ಬಂಗಾಳ ಸರ್ಕಾರದ ಹಣ. ಒಡವೆಯಿಂದ ಚಿತ್ರ ಆರಂಭವಾಗಿರಬಹುದು, ಒಡವೆಯಿಂದ ಮುಗಿಯಲಿಲ್ಲ.

ನನಗೆ ಹೆಚ್ಚು ಇಷ್ಟವಾದ ಉದಾಹರಣೆ ‘ಮಂಥನ್’. ನಮ್ಮಪ್ಪ ನಲವತ್ತು ವರ್ಷ ಊರಿನ ಹಾಲು ಉತ್ಪಾದಕರ ಸಂಘಕ್ಕೆ ಹಾಲು ಹಾಕಿದವರು, ಹಾಗಾಗಿ ಇರಬೇಕು. ಗಿರೀಶ ಕಾರ್ನಾಡರು ಪಶುವೈದ್ಯನ ಪಾತ್ರ ಮಾಡಿದ ಆ ಚಿತ್ರ 1976ರಲ್ಲಿ ಬಂತು. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲೆಗೆ ಎರಡು ರೂಪಾಯಿಯಂತೆ ಹಾಕಿದ ಹತ್ತು ಲಕ್ಷದಲ್ಲಿ ಅದು ತಯಾರಾಯಿತು. ನಮ್ಮ ಚಿತ್ರ ಸೋತ ವರ್ಷವೇ, 2013ರಲ್ಲಿ, ಕನ್ನಡದ ‘ಲೂಸಿಯಾ’ ಪ್ರೇಕ್ಷಕರು ಮುಂಚಿತವಾಗಿ ಹಾಕಿದ ಹಣದಿಂದ ಬಂದು ಗೆದ್ದಿತು. ಒಬ್ಬಳ 92 ಗ್ರಾಂ ಚಿನ್ನದ ಮೇಲೆ ಬೀಳುವ ಭಾರವನ್ನು ಹತ್ತು ಜನ, ನೂರು ಜನ, ಲಕ್ಷ ಜನ ಹಂಚಿಕೊಳ್ಳುವ ದಾರಿಗಳು ನಮ್ಮ ನಡುವೆಯೇ ಇವೆ. ಪತ್ರಿಕೆಗಳು ಆ ದಾರಿಗಳ ಬಗ್ಗೆ ಬರೆದಷ್ಟು ಹೊಸಬರಿಗೆ ಉಪಕಾರವಾಗುತ್ತದೆ.

ನಮ್ಮ ಯಜಮಾನರು ಚಿತ್ರರಂಗ ಬಿಡಲಿಲ್ಲ, ನಾನು ಬಿಡಿಸಲೂ ಇಲ್ಲ. 2014ರಿಂದ ಧಾರಾವಾಹಿಗಳಿಗೆ ಸಂಚಿಕೆ ನಿರ್ದೇಶಕರಾಗಿ ಹೋಗುತ್ತಿದ್ದಾರೆ, ವಾರಕ್ಕೆರಡು ದಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. ಧಾರಾವಾಹಿಗೆ ಹೋದ ಎಂದು ಗಾಂಧಿನಗರದ ಕೆಲವು ಗೆಳೆಯರು ಮರುಗಿದರು. ಮೊದಲ ವರ್ಷ ಯಜಮಾನರಿಗೂ ಅವಮಾನವೆನ್ನಿಸಿತ್ತು, ಯಾರಾದರೂ ಕೇಳಿದರೆ ಮಾತು ತಪ್ಪಿಸುತ್ತಿದ್ದರು. ಆದರೆ ತಿಂಗಳ ಹಣ ಗೊತ್ತಿರುವ ಮನೆಯಲ್ಲಿ ಅವರು ಬೆಳಗ್ಗೆ ಐದರಿಂದ ಏಳರವರೆಗೆ ಕೂತು ಬರೆದ ಚಿತ್ರಕಥೆ, ಬಡ್ಡಿಯ ಭಯದಲ್ಲಿ ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿದೆ. ಇದನ್ನು ಅವರೇ ಒಪ್ಪುತ್ತಾರೆ. ಹೊಟ್ಟೆ ಹಸಿದರೆ ಕಲೆ ಹುಟ್ಟುತ್ತದೆ ಎಂದು ಬರೆಯುವವರು ನಮ್ಮ ಅಡುಗೆಮನೆಯಲ್ಲಿ 2012ರ ಒಂದು ತಿಂಗಳು ಕಳೆದಿದ್ದರೆ ಆ ಮಾತು ಬರೆಯುತ್ತಿರಲಿಲ್ಲ.

ಈಗ ಅವರ ಎರಡನೆಯ ಚಿತ್ರಕ್ಕೆ ನಾಲ್ವರು ಪಾಲುದಾರರು ಸಿಕ್ಕಿದ್ದಾರೆ. ಈ ಸಲ ಮನೆಯಲ್ಲಿ ಮೂರು ಮಾತು ಆಗಿದೆ. ಇರುವ ಮನೆಯನ್ನೂ ಮಗಳ ಓದಿನ ಹಣವನ್ನೂ ಮುಟ್ಟುವಂತಿಲ್ಲ. ಬಡ್ಡಿ ಹಣ ತರುವಂತಿಲ್ಲ. ಕ್ಲ್ಯಾಪ್ ಹೊಡೆಯುವ ಹುಡುಗನಿಂದ ಹಿಡಿದು ಎಲ್ಲರಿಗೂ ಸಹಿ ಮಾಡಿದ ಕಾಗದ, ತಿಂಗಳ ಲೆಕ್ಕದ ಸಂಬಳ. ಕೆಲಸ ಮುಂದೆ ಹೋದರೆ ಸಂಬಳವೂ ಮುಂದುವರಿಯಬೇಕು. ಇದರಿಂದಾಗಿ ಚಿತ್ರೀಕರಣವನ್ನು 30 ದಿನದಿಂದ 24ಕ್ಕೆ ಇಳಿಸಬೇಕಾಯಿತು, ಜಾತ್ರೆಯ ಒಂದು ದೃಶ್ಯ ಹೋಯಿತು. ಆ ದೃಶ್ಯ ಕಥೆಯ ಜೀವವಾಗಿತ್ತು, ನನಗೂ ಬಹಳ ನೋವಾಗಿದೆ. ಆದರೂ ಹೋಗಲಿ ಎಂದೆವು.

ಕಾಗದದ ಮಾತನ್ನು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಸಿನಿಮಾ ಕಾರ್ಮಿಕರನ್ನು ಲಿಖಿತ ಒಪ್ಪಂದವಿಲ್ಲದೆ ದುಡಿಸಿಕೊಳ್ಳಬಾರದೆಂದು ಸಂಸತ್ತು 1981ರಲ್ಲಿಯೇ ಕಾನೂನು ಮಾಡಿತ್ತು. ನಮ್ಮ ಯಜಮಾನರ 17 ಚಿತ್ರಗಳಲ್ಲಿ ಅಂಥ ಕಾಗದ ಇದ್ದದ್ದು ಎರಡಕ್ಕೆ. ಈಗ ನಮ್ಮ ರಾಜ್ಯವೂ ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದಲ್ಲಿ ದುಡಿಯುವವರ ಕ್ಷೇಮಾಭಿವೃದ್ಧಿಗೆಂದು 2024ರಲ್ಲಿ ಕಾಯ್ದೆ ತಂದಿದೆ. ಟಿಕೆಟ್ ಮತ್ತು ಒಟಿಟಿ ಚಂದಾ ಹಣದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ ನಿಧಿ ಕೂಡಿಸುವ ಅವಕಾಶ ಅದರಲ್ಲಿದೆ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ, ಟಿಕೆಟ್ಟಿಗೆ ನಾಲ್ಕು ರೂಪಾಯಿ ಹೆಚ್ಚು ಕೊಡಲು ಸಿದ್ಧಳಿದ್ದೇನೆ. ಆದರೆ ಹದಿನಾಲ್ಕು ತಿಂಗಳು ದುಡಿದದ್ದಕ್ಕೆ ಒಂದು ಚೀಟಿಯೂ ಇಲ್ಲದ ಶಹಾಪುರದ ಹುಡುಗನಂಥವನು ನಾಳೆ ಆ ನಿಧಿಯ ಮುಂದೆ ಏನನ್ನು ತೋರಿಸಬೇಕು? ಸರ್ಕಾರದಿಂದ ಸಹಾಯಧನ ಕೇಳುವ ಪ್ರತಿ ಚಿತ್ರವೂ ಅರ್ಜಿಯ ಜೊತೆಗೆ ತನ್ನ ತಂಡದವರ ಸಂಬಳ ಸಂದಾಯದ ಪಟ್ಟಿಯನ್ನು, ಅವರ ಸಹಿಯೊಂದಿಗೆ ಲಗತ್ತಿಸಬೇಕು ಎಂದು ನಿಯಮ ಮಾಡಲಿ. ಒಂದು ಹಾಳೆ ಸಾಕು.

ನಿಮ್ಮ ಪತ್ರಿಕೆಯನ್ನೂ ಒಂದು ಕೇಳಿಕೊಳ್ಳುತ್ತೇನೆ. ಮುಂದಿನ ಸಲ ಯಾರಾದರೂ ಎಲ್ಲವನ್ನೂ ಪಣಕ್ಕಿಟ್ಟು ಚಿತ್ರ ಮಾಡಿದೆ ಎಂದಾಗ, ತಂಡದ ಸಂಬಳ ಕೊಟ್ಟಾಯಿತೇ ಎಂದು ಕೇಳಿ. ಸಂಬಳವಿಲ್ಲದೆ ದುಡಿದ ಗೆಳೆಯರ ಬಳಗವನ್ನು ಹೊಗಳಿ ಬರೆಯುವ ಮುಂಚೆ ಆ ಗೆಳೆಯರಲ್ಲಿ ಒಬ್ಬರ ಮನೆಗಾದರೂ ಹೋಗಿ ಬನ್ನಿ.

ಆ ಯುವ ನಿರ್ದೇಶಕರ ಚಿತ್ರವನ್ನು ನಾನು ಎರಡು ಸಲ ನೋಡಿದ್ದೇನೆ, ಎರಡನೆಯ ಸಲ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವರು ದೊಡ್ಡ ಕಲಾವಿದರಾಗುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ಚಿತ್ರದಲ್ಲಿ ಅಜ್ಜಿ ಬಾವಿಯಲ್ಲಿ ಬಗ್ಗಿ ನೋಡುವಾಗ ನೀರಿನ ಬೆಳಕು ಅವಳ ಮುಖದ ಮೇಲೆ ಅಲುಗಾಡುತ್ತದೆ. ಇಪ್ಪತ್ತೈದು ವರ್ಷ ಈ ಕೆಲಸವನ್ನು ಹತ್ತಿರದಿಂದ ಕಂಡ ನನಗೆ, ಅದನ್ನು ಯಾರೋ ಬಾವಿಕಟ್ಟೆಯ ಹಿಂದೆ ಬಹಳ ಹೊತ್ತು ಮೊಣಕಾಲೂರಿ ಕೂತು ಮಾಡಿದ್ದಾರೆ ಎಂದು ಗೊತ್ತಾಗುತ್ತದೆ. ಆ ಬೆಳಕು ಹಿಡಿದವರ ಹೆಸರನ್ನು ವಿಚಾರಿಸಿ ಪ್ರಕಟಿಸುತ್ತೀರಾ?

ಇಂತಿ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ, ನಾಗರಬಾವಿ, ಬೆಂಗಳೂರು
(ಯಜಮಾನರು ಇನ್ನೂ ಇದೇ ಕ್ಷೇತ್ರದಲ್ಲಿ ದುಡಿಯುತ್ತಿರುವುದರಿಂದ ಹೆಸರು ಪ್ರಕಟಿಸಬಾರದೆಂದು ಕೋರಿಕೆ)